ಬಾಯಿ ತುಂಬ ಎಣ್ಣೆ

ಚಹಾ ಕಂಪನಿಯ ಮೊದಲ ಮಹಡಿಯಲ್ಲಿ ಉತ್ತರಕ್ಕೆ ಕಿಟಕಿಗಳಿರುವ ಒಂದು ಉದ್ದನೆಯ ಕೋಣೆಯಿದೆ. ಅಲ್ಲಿ ಎರಡು ಮೇಜುಗಳು. ಮೊದಲನೇ ಮೇಜಿನ ಮುಂದೆ ಮೂವತ್ತೆರಡು ವರ್ಷಗಳಿಂದ ನಿಂತು ಕೆಲಸ ಮಾಡುತ್ತಿರುವ ರುಚಿಗಾರನಿಗೆ ಸೊರ್ರಣ್ಣ ಎಂದು ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಚಮಚದ ಚಹಾವನ್ನು ಗಾಳಿಯೊಡನೆ ಒಳಗೆ ಎಳೆದುಕೊಳ್ಳುವಾಗ ಅವನು ಹೊರಡಿಸುವ ಸದ್ದು ಮೆಟ್ಟಿಲ ಬುಡದವರೆಗೂ ಕೇಳುತ್ತದೆ.

ಕೆಲಸ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ಬೆಟ್ಟದ ಮೇಲಿರುವ ಕಂಪನಿಯದೇ ಕಾರ್ಖಾನೆಯಿಂದ ಬಂದ ಪ್ರತಿ ಲಾಟಿನಿಂದ ಒಂದೊಂದು ಚಿಟಿಕೆ ತೂಗಿ, ಕುದಿಯುವ ನೀರು ಹಾಕಿ, ಗಡಿಯಾರ ನೋಡಿ ಆರು ನಿಮಿಷ ಬಿಟ್ಟು, ಬಿಳಿ ಬಟ್ಟಲಿಗೆ ಸೋಸುತ್ತಾರೆ. ಸೊರ್ರಣ್ಣ ಸಾಲಿನುದ್ದಕ್ಕೂ ನಡೆಯುತ್ತಾನೆ. ಒಂದು ಚಮಚ, ಒಂದು ಸೊರ್ರ್, ಬಾಯಲ್ಲಿ ಒಂದು ಸುತ್ತು, ಆಮೇಲೆ ಚಕ್ರದ ಮೇಲೆ ಪಕ್ಕದಲ್ಲೇ ಉರುಳಿಬರುವ ಪೀಕದಾನಿಗೆ ಒಂದು ಉಗುಳು. ಇಷ್ಟಕ್ಕೂ ಸೇರಿ ಮೂರು ಸೆಕೆಂಡು. ನಂತರ ಒಂದು ಮಾತು: ಚುರುಕು, ಗಟ್ಟಿ, ಮಂಕು, ಹೊಗೆ. ಆ ಒಂದು ಮಾತಿನ ಮೇಲೆ ಇಡೀ ಲಾಟು ಪೊಟ್ಟಣ ಸೇರುತ್ತದೆ, ಇಲ್ಲವೇ ಗೋದಾಮಿನಲ್ಲಿ ಕೂರುತ್ತದೆ.

ಮೂರು ವಾರಗಳಿಂದ ಸೊರ್ರಣ್ಣನ ಬಾಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: ಲೋಹ.

ಕಿತ್ತ ಎಲೆಯನ್ನು ಯಂತ್ರಕ್ಕೆ ಹಾಕುವ ಮೊದಲು ಗಾಳಿಯಲ್ಲಿ ಬಾಡಿಸಬೇಕು. ಸರಿಯಾಗಿ ಬಾಡದಿದ್ದರೆ ಚಹಾಕ್ಕೆ ಹಿತ್ತಾಳೆ ನೆಕ್ಕಿದಂಥ ರುಚಿ ಬರುತ್ತದೆ. ಸೊರ್ರಣ್ಣ ಹಾಗೆಂದು ಹದಿನಾಲ್ಕು ಲಾಟುಗಳ ಮುಂದೆ ಬರೆದ. ಬೆಟ್ಟದಲ್ಲಿ ಬಾಡಿಸುವ ಮನೆಯ ಮೇಸ್ತ್ರಿ ದೊಡ್ಡ ದೊಡ್ಡ ಫ್ಯಾನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ. ಲೋಹ ಹೋಗಲಿಲ್ಲ. ಎರಡನೇ ಮೇಜಿನಲ್ಲಿ ಕೆಲಸ ಮಾಡುವಾಕೆ ಹನ್ನೊಂದು ವರ್ಷಗಳ ಅನುಭವದವಳು. ಅವೇ ಬಟ್ಟಲುಗಳ ಪೈಕಿ ಹೆಚ್ಚಿನವುಗಳಲ್ಲಿ ಆಕೆಗೆ ಲೋಹ ಸಿಕ್ಕಿರಲಿಲ್ಲ. ಅದನ್ನು ಆಕೆ ಒಮ್ಮೆ ಮೆಲ್ಲಗೆ ಹೇಳಿದಳು. ಸೊರ್ರಣ್ಣ, "ಸಿಗುತ್ತೆ ಬಿಡಮ್ಮ, ಇನ್ನೂ ಇಪ್ಪತ್ತು ವರ್ಷ ಹೋಗ್ಲಿ" ಎಂದು ಮುಂದಿನ ಬಟ್ಟಲಿಗೆ ನಡೆದ.

ಬುಧವಾರ ಮ್ಯಾನೇಜರ್ ಕರೆಸಿಕೊಂಡರು.

"ನಿಮ್ಮ ನಾಲಿಗೆ ಮೇಲೆ ನನಗೆ ಗೌರವ ಇದೆ" ಎಂದು ಶುರುಮಾಡಿದರು. ಹೀಗೆ ಶುರುವಾದ ಮಾತು ಒಳ್ಳೆಯ ಕಡೆಗೆ ಹೋಗುವುದಿಲ್ಲ ಎಂದು ಸೊರ್ರಣ್ಣನಿಗೆ ಗೊತ್ತಿತ್ತು. "ಆದ್ರೆ ಗೋದಾಮಲ್ಲಿ ಹದಿನಾಲ್ಕು ಲಾಟ್ ಕೂತಿದೆ. ನೀವು ಲೋಹ ಇದೆ ಅಂತೀರಿ, ಇನ್ನೊಬ್ರು ಇಲ್ಲ ಅಂತಾರೆ. ಬರೋ ವಾರ ಅಲ್ಲ, ಅದರ ಮುಂದಿನ ಶುಕ್ರವಾರ ಹನ್ನೆರಡು ಬಟ್ಟಲು ಇಡ್ತೀವಿ. ಯಾವುದು ಏನು ಅಂತ ಬರೆದು ಲಕೋಟೆಗೆ ಹಾಕಿರ್ತೀವಿ. ನೀವು ಹೇಳ್ಬೇಕು."

"ಹೇಳ್ದೇ ಹೋದ್ರೆ?"

"ನಿವೃತ್ತಿಗೆ ಇನ್ನೆರಡು ವರ್ಷ ಇದೆಯಲ್ವಾ? ಪ್ಯಾಕಿಂಗ್‌ನಲ್ಲಿ ಲೇಬಲ್ ನೋಡ್ಕೊಳ್ಳೋ ಕೆಲಸ ಇದೆ. ಆರಾಮ. ಒಳ್ಳೇ ಕುರ್ಚಿ ಕೊಡ್ತೀವಿ."

ಮೂವತ್ತೆರಡು ವರ್ಷ ನಿಂತೇ ದುಡಿದವನಿಗೆ ಕುರ್ಚಿ ಬೇಕಾಗಿರಲಿಲ್ಲ.

ಮನೆ ಮೂರನೇ ಮಹಡಿಯಲ್ಲಿ. ಅಲ್ಲಿ ಮೂವರು: ಸೊರ್ರಣ್ಣ, ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಹೆಂಡತಿ, ಮತ್ತು ಹೆಂಡತಿಯ ತಾಯಿ. ಅತ್ತೆಗೆ ಎಂಬತ್ತೊಂದು ವರ್ಷ, ಬಾಯಲ್ಲಿ ಇಪ್ಪತ್ತೊಂಬತ್ತು ಹಲ್ಲು. ಎಲ್ಲವೂ ಅವರದೇ. ಬಾದಾಮಿಯ ಗಟ್ಟಿ ಸಿಪ್ಪೆ ಒಡೆಯಲು ಮನೆಯಲ್ಲಿ ಇಕ್ಕಳ ಇದೆ, ಆದರೆ ಅತ್ತೆ ಅದನ್ನು ಹುಡುಕುವ ಕಷ್ಟ ತೆಗೆದುಕೊಳ್ಳುವುದಿಲ್ಲ.

"ಏನು ಅಳಿಯಂದ್ರೆ, ಮುಖ ಆರಿದ ಚಹಾ ಆಗಿದೆಯಲ್ಲ?" ಎಂದರು ಅತ್ತೆ.

ಸೊರ್ರಣ್ಣ ನಡೆದದ್ದನ್ನು ಹೇಳಿದ. ಹೇಳುವಾಗ, ಕಚೇರಿಯಲ್ಲಿ ಯಾರಿಗೂ ಹೇಳದ ಒಂದು ಮಾತು ಬಾಯಿಂದ ಜಾರಿತು. "ಚಹಾ ಕೆಟ್ಟಿದೆಯೋ ನನ್ನ ನಾಲಿಗೇನೇ ಕೆಟ್ಟಿದೆಯೋ, ನನಗೇ ಈಗ ಗೊತ್ತಾಗ್ತಿಲ್ಲ ಅತ್ತೆ."

"ಲೇಬಲ್ ಕೆಲಸಾನೂ ಒಳ್ಳೇದೇ ರೀ" ಎಂದಳು ಹೆಂಡತಿ, ಕಾರಿನ ಕೀಲಿ ಗೂಟಕ್ಕೆ ಹಾಕುತ್ತಾ. "ಮನೇಲಿ ನೀರನ್ನಾದ್ರೂ ಸದ್ದಿಲ್ದೆ ಕುಡೀಬಹುದು."

"ಸುಮ್ನಿರೇ" ಎಂದು ಅತ್ತೆ ಮಗಳನ್ನು ಗದರಿಸಿ ಅಳಿಯನ ಕಡೆ ತಿರುಗಿದರು. "ನಾಲಿಗೆ ಅಂದ್ರೆ ಚಾಪೆ ಇದ್ದಂಗೆ. ಮೂವತ್ತೆರಡು ವರ್ಷ ಅದರ ಮೇಲೆ ಚಹಾ ಚೆಲ್ಲಿದೀರಿ. ಒಂದ್ಸಲನಾದ್ರೂ ಒಗೆದಿದೀರಾ? ನಾಳೆಯಿಂದ ನನ್ನ ಜೊತೆ ಎಣ್ಣೆ ಮುಕ್ಕಳಿಸಿ."

ಅತ್ತೆ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಬಾಯಲ್ಲಿ ಎಳ್ಳೆಣ್ಣೆ ಇಟ್ಟುಕೊಂಡು ಕೂರುವುದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ಆ ಹದಿನೈದು ನಿಮಿಷ ಮನೆಯಲ್ಲಿ ಸದ್ದಿರುವುದಿಲ್ಲ. ಹೆಂಡತಿ ತನ್ನ ಮುಖ್ಯವಾದ ಫೋನುಗಳನ್ನೆಲ್ಲ ಆಗಲೇ ಮಾಡಿ ಮುಗಿಸುತ್ತಿದ್ದಳು.

ಅತ್ತೆ ವಿಧಾನ ವಿವರಿಸಿದರು. ಆಯುರ್ವೇದದಲ್ಲಿ ಇದಕ್ಕೆ ಎರಡು ಬಗೆ. ಅಲ್ಲಾಡಿಸಲು ಜಾಗವೇ ಇಲ್ಲದಷ್ಟು ಬಾಯಿ ತುಂಬಿಸಿ ಸುಮ್ಮನೆ ಹಿಡಿದು ಕೂರುವುದು ಗಂಡೂಷ. ಸ್ವಲ್ಪ ಕಡಿಮೆ ಹಾಕಿಕೊಂಡು ಹಲ್ಲುಗಳ ನಡುವೆ ಆಡಿಸುವುದು ಕವಲ. "ನಿಮಗೆ ಎರಡನೇದು ಸಾಕು. ಒಂದು ದೊಡ್ಡ ಚಮಚ. ಖಾಲಿ ಹೊಟ್ಟೇಲಿ. ನುಂಗಬಾರದು, ಗಂಟಲಿಗೆ ಇಳಿಸಬಾರದು. ಮುಗಿದ ಮೇಲೆ ಸಿಂಕಿಗೆ ಉಗುಳಬಾರದು, ಕೊಳವೆ ಕಟ್ಟಿಕೊಳ್ಳುತ್ತೆ. ಹಳೇ ಡಬ್ಬಿ ಇಟ್ಟಿದೀನಿ, ಅದಕ್ಕೆ ಉಗುಳಿ."

ಹೆಂಡತಿ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ ಓದತೊಡಗಿದ್ದಳು. "ಹಲ್ಲು, ವಸಡು, ಬಾಯಿ ವಾಸನೆ. ಸರಿ. ತಲೆನೋವು, ಮಂಡಿನೋವು, ಚರ್ಮದ ಕಾಂತಿ, ನಿದ್ದೆ, ಸಕ್ಕರೆ ಕಾಯಿಲೆ... ಅಮ್ಮಾ, ಇದರಲ್ಲಿ ರಿವರ್ಸ್ ಪಾರ್ಕಿಂಗ್ ಒಂದು ಬಿಟ್ಟು ಎಲ್ಲಾ ಸರಿಹೋಗುತ್ತಂತೆ."

"ಬರೆಯೋರಿಗೆ ಏನು, ಬರೀತಾರೆ" ಎಂದರು ಅತ್ತೆ. "ನನ್ನ ಮಂಡಿ ಇವತ್ತೂ ನೋಯ್ತಿದೆ."

ಮರುದಿನ ಆರು ಗಂಟೆಗೆ ಸೊರ್ರಣ್ಣ ಅಡುಗೆಮನೆಯಲ್ಲಿ ಅತ್ತೆಯ ಎದುರು ಸ್ಟೂಲಿನ ಮೇಲೆ ಕೂತ. ಚಮಚ ಎತ್ತಿದ. ಸೊರ್ರ್ ಎಂದ. ಎಣ್ಣೆ ಬಾಯಲ್ಲಿ ಒಂದು ಸುತ್ತು ತಿರುಗಿತು. ಮೂರನೇ ಸೆಕೆಂಡಿಗೆ, ಅವನು ಯೋಚಿಸುವ ಮೊದಲೇ, ನಾಲ್ಕಡಿ ದೂರದ ಮೂಲೆಯಲ್ಲಿದ್ದ ಗಿಡದ ಕುಂಡದ ನಟ್ಟನಡುವೆ ಬಿತ್ತು. ಕುಂಡದ ಅಂಚಿಗೆ ಒಂದು ಹನಿಯೂ ತಾಗಿರಲಿಲ್ಲ.

"ಹೊಸ ಎಣ್ಣೆ. ಹುರಿದ ಎಳ್ಳು. ಕೊನೇಲಿ ಸ್ವಲ್ಪ ಕಹಿ" ಎಂದು ಬಾಯಿ ತಾನಾಗಿ ಹೇಳಿಯೂ ಬಿಟ್ಟಿತು.

ಅತ್ತೆ ಬಾಯಲ್ಲಿ ಎಣ್ಣೆ ಇದ್ದದ್ದರಿಂದ ನಗಲಾರದೆ, ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಹದಿನೈದು ನಿಮಿಷ ಮುಗಿಸಿ, ಡಬ್ಬಿಗೆ ಉಗುಳಿ, ಬಾಯಿ ತೊಳೆದ ಮೇಲೆ ಹೇಳಿದರು: "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅಂತ ಗಾದೆ ಇದೆ. ಎಣ್ಣೆ ಬಂದಾಗ ಬಾಯಿ ಬಿಟ್ಟೋರನ್ನ ನಾನು ಇವತ್ತೇ ನೋಡಿದ್ದು. ಗುರಿ ಮಾತ್ರ ಚೆನ್ನಾಗಿದೆ."

ತೊಂದರೆ ಮನಸ್ಸಿನದಲ್ಲ, ಅಭ್ಯಾಸದ್ದು. ದಿನಕ್ಕೆ ಎಂಬತ್ತು ಬಟ್ಟಲಿನಂತೆ ಮೂವತ್ತೆರಡು ವರ್ಷ ಮೂರು ಸೆಕೆಂಡಿಗೆ ಉಗುಳಿದ ಬಾಯಿ ಅದು. ನಾಲ್ಕನೇ ಸೆಕೆಂಡು ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಎರಡನೇ ದಿನವೂ ಕುಂಡ. ಮೂರನೇ ದಿನ ಅತ್ತೆ ಕುಂಡವನ್ನು ಬಾಲ್ಕನಿಗೆ ಸಾಗಿಸಿದರು. ಅವತ್ತು ಇಪ್ಪತ್ತು ಸೆಕೆಂಡು ನಿಂತಿತು. ನಾಲ್ಕನೇ ದಿನದಿಂದ ಹೆಂಡತಿ ಎದುರಿಗೆ ಕೂತು ಪಾಠ ಹೇಳಲು ಶುರುಮಾಡಿದಳು. ಅವಳಿಗೆ ಗೊತ್ತಿದ್ದ ಪಾಠ ಒಂದೇ.

"ನಿಧಾನ. ಕ್ಲಚ್ ಬಿಡ್ಬೇಡಿ. ಮುಂದೆ ರಸ್ತೆ ನೋಡಿ, ಡಬ್ಬಿ ನೋಡ್ಬೇಡಿ. ಉಗುಳಬೇಕು ಅನ್ಸಿದ್ರೆ ಕೈ ಎತ್ತಿ. ಹಾಂ, ಕೈ ಇಳಿಸಿ. ಹಿಂದಿನವರು ಹಾರ್ನ್ ಹೊಡೀಲಿ, ನೀವು ಹೆದರ್ಬೇಡಿ."

ಆರನೇ ದಿನ ನಾಲ್ಕು ನಿಮಿಷ. ಎಂಟನೇ ದಿನ ಒಂಬತ್ತು. ಕಚೇರಿಯಲ್ಲಿ ಮಾತ್ರ ಲೋಹ ಇದ್ದಲ್ಲೇ ಇತ್ತು. ಗೋದಾಮಿನ ಹದಿನಾಲ್ಕು ಲಾಟು ಹದಿನೆಂಟಾಯಿತು. ಎರಡನೇ ಮೇಜಿನಾಕೆ ಈಗ ಏನೂ ಹೇಳುತ್ತಿರಲಿಲ್ಲ. ತನ್ನ ಕಾಲಮಿನಲ್ಲಿ ತನಗೆ ಕಂಡದ್ದನ್ನು ಬರೆದು ಸುಮ್ಮನಿರುತ್ತಿದ್ದಳು. ಸೊರ್ರಣ್ಣನಿಗೆ ಅದು ಇನ್ನೂ ಕಷ್ಟವಾಯಿತು. ವಾದ ಮಾಡಿದ್ದರೆ ಗೆಲ್ಲಬಹುದಿತ್ತು.

ಹತ್ತನೇ ದಿನ ಶನಿವಾರ. ಅಂದು ಅಳಿಯ, ಅತ್ತೆ ಇಬ್ಬರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಿದರು. ಪೂರ್ತಿ ಹದಿನೈದು ನಿಮಿಷ. ಹೆಂಡತಿ ಚಪ್ಪಾಳೆ ತಟ್ಟಿ, "ಲೈಸೆನ್ಸ್ ಸಿಕ್ತು" ಎಂದಳು. ಆ ಸಂಭ್ರಮದಲ್ಲಿ ಸೊರ್ರಣ್ಣ ಡಬ್ಬಿಯ ಬದಲು, ಕಂಪನಿಯಿಂದ ಯಾವಾಗಲೋ ಮನೆಗೆ ತಂದಿದ್ದ ಅಂಚು ಒಡೆದ ಬಿಳಿ ಬಟ್ಟಲಿಗೆ ಉಗುಳಿದ. ಬಿಳಿ ಬಟ್ಟಲು ಕೈಗೆ ಬಂದರೆ ಅವನ ಕಾಲು ಕಿಟಕಿಯ ಕಡೆಗೇ ಹೋಗುತ್ತದೆ. ಬೆಳಕಿಗೆ ಹಿಡಿದು ಬಣ್ಣ ನೋಡಿದ.

ಎಣ್ಣೆ ಹಾಲಿನಂತೆ ಬೆಳ್ಳಗಾಗಿತ್ತು. ಅದು ಸರಿ. ಎಂಜಲಿನ ಜೊತೆ ಕಡೆದರೆ ಹಾಗೇ ಆಗುತ್ತದೆ ಎಂದು ಅತ್ತೆ ಮೊದಲೇ ಹೇಳಿದ್ದರು. ಆದರೆ ಬಿಳಿಯ ನಡುವೆ ಕೂದಲೆಳೆಯಂಥ ಮೂರು ನಾಲ್ಕು ಗೆರೆ ಗುಲಾಬಿ ಬಣ್ಣದವಾಗಿದ್ದವು.

"ಅತ್ತೆ, ಇಲ್ಲಿ ಬನ್ನಿ. ವಿಷ ಹೊರಗೆ ಬಂದಿದೆ!"

ಅತ್ತೆ ಕನ್ನಡಕ ಹಾಕಿಕೊಂಡು ಬಂದರು. ಬಟ್ಟಲನ್ನು ಆ ಕಡೆ ಈ ಕಡೆ ವಾಲಿಸಿದರು. "ವಿಷಾನೂ ಅಲ್ಲ, ಅಮೃತಾನೂ ಅಲ್ಲ. ರಕ್ತ. ವಸಡು ಒಸರ್ತಿದೆ. ಹಲ್ಲುಜ್ಜುವಾಗ ಕಾಣಿಸ್ತಿರ್ಲಿಲ್ವಾ?"

"ಇಲ್ವಲ್ಲ."

"ಹೇಗೆ ಕಾಣುತ್ತೆ?" ಎಂದಳು ಹೆಂಡತಿ. "ಕೆಂಪು ಹಲ್ಲುಪುಡಿ ಹಾಕ್ತೀರಿ, ಕೆಂಪಗೆ ಉಗುಳ್ತೀರಿ."

ಅದು ನಿಜ. ಪೇಸ್ಟಿನ ಪುದೀನ ವಾಸನೆ ನಾಲಿಗೆಯನ್ನು ಮಧ್ಯಾಹ್ನದವರೆಗೆ ಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ವರ್ಷವೇ ಪೇಸ್ಟು ಬಿಟ್ಟಿದ್ದ. ವಾಸನೆಯೇ ಇಲ್ಲದ ಕೆಮ್ಮಣ್ಣಿನ ಬಣ್ಣದ ಪುಡಿಯೊಂದನ್ನು ಹುಡುಕಿ ಹಿಡಿದಿದ್ದ. ನಾಲಿಗೆಯನ್ನು ಕಾಪಾಡಲು ಆರಿಸಿಕೊಂಡ ಪುಡಿ ವಸಡಿನ ಸುದ್ದಿಯನ್ನು ಎಷ್ಟು ದಿನದಿಂದ ಮುಚ್ಚಿಟ್ಟಿತ್ತೋ.

ಹೆಂಡತಿ ಇನ್ನೊಂದು ಪ್ರಶ್ನೆ ಕೇಳಿದಳು. "ರೀ, ರಕ್ತ ಯಾವ ರುಚಿ ಇರುತ್ತೆ?"

ಸೊರ್ರಣ್ಣ ಸಿಂಕಿನ ಕಡೆ ನಡೆದ. ಬಾಯಿ ತೊಳೆದು ಬಂದು ಕೆಟಲಿನಲ್ಲಿ ನೀರು ಕಾಯಿಸಿದ. ಇನ್ನೊಂದು ಬಟ್ಟಲಿಗೆ ಬರೀ ನೀರು ಸುರಿದ. ಚಮಚ ಎತ್ತಿ ಎಳೆದ, ತಿರುಗಿಸಿದ, ಉಗುಳಿದ. ಮತ್ತೊಂದು ಚಮಚ ಎಳೆದು ಉಗುಳಿದ.

"ಲೋಹ" ಎಂದ.

ಆಮೇಲೆ ಅವನಿಗೆ ಒಂದೊಂದೇ ನೆನಪಾಯಿತು. ಲೋಹ ಸಿಗುತ್ತಿದ್ದದ್ದು ಯಾವಾಗಲೂ ಸಾಲಿನ ಕೊನೆಯ ಕಡೆಯ ಬಟ್ಟಲುಗಳಲ್ಲಿ. ಐವತ್ತು ಅರವತ್ತು ಸಲ ಜೋರಾಗಿ ಎಳೆದು ಆಡಿಸಿದ ಮೇಲೆ. ಸಾಲಿನ ಮೊದಲ ಬಟ್ಟಲುಗಳು ಒಮ್ಮೆಯೂ ಕೆಟ್ಟಿರಲಿಲ್ಲ. ಇದನ್ನು ಹೊಸಬನೊಬ್ಬ ಮಾಡಿದ್ದರೆ ಮೊದಲ ವಾರವೇ ಸೊರ್ರಣ್ಣ ಹಿಡಿಯುತ್ತಿದ್ದ.

"ಇನ್ನೂ ಆರು ದಿನ ಇದೆ" ಎಂದ. "ಎಣ್ಣೆ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಾಕಿದ್ರೆ ನಿಲ್ಲುತ್ತಾ ಅತ್ತೆ?"

"ಎಣ್ಣೆ ಬಾಯಿ ನುಣುಪು ಮಾಡುತ್ತೆ, ಕೊಳೆ ಸಡಿಲ ಮಾಡುತ್ತೆ. ಹಲ್ಲಿನ ಬುಡದಲ್ಲಿ ಕಲ್ಲು ಕಟ್ಟಿದ್ರೆ ಅದನ್ನ ಕೀಳುತ್ತಾ? ನಡೀರಿ, ಸೋಮವಾರ ನಮ್ಮ ಹಲ್ಲಿನ ಡಾಕ್ಟರ ಹತ್ರ ಹೋಗೋಣ."

"ನಮ್ಮ ಡಾಕ್ಟರಾ? ನಿಮಗೆ ಯಾವಾಗಿಂದ ಡಾಕ್ಟರು?"

"ಇಪ್ಪತ್ತಾರು ವರ್ಷದಿಂದ. ಆರು ತಿಂಗಳಿಗೊಂದ್ಸಲ ಹೋಗ್ತೀನಿ. ಮೊದಲು ಅವರಪ್ಪ ನೋಡ್ತಿದ್ರು, ಈಗ ಮಗಳು."

ಸೊರ್ರಣ್ಣ ಹೆಂಡತಿಯ ಮುಖ ನೋಡಿದ. ಹೆಂಡತಿ, "ನಾನೇ ಕಾರಲ್ಲಿ ಬಿಟ್ಟು ಬರೋದು" ಎಂದಳು.

"ಮತ್ತೆ ನಿಮ್ಮ ಹಲ್ಲಿನ ಗುಟ್ಟು ಎಣ್ಣೆ ಅಂತ ಊರಿಗೆಲ್ಲ ಹೇಳ್ತೀರಲ್ಲ ಅತ್ತೆ!"

"ಎಣ್ಣೆ ಹಾಕ್ತೀರಂತೆ ಹೌದಾ ಅಂತ ಕೇಳ್ತಾರೆ, ಹೌದು ಅಂತೀನಿ. ಡಾಕ್ಟರ ಹತ್ರ ಹೋಗ್ತೀರಾ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ. ಬ್ರಷ್ ಮಾಡ್ತೀರಾ ಅಂತಾನೂ ಕೇಳಿಲ್ಲ. ಕೇಳದೇ ಇರೋದಕ್ಕೆ ಯಾಕೆ ಉತ್ತರ ಕೊಡ್ಲಿ?"

ಸೊರ್ರಣ್ಣ ಹಲ್ಲಿನ ಡಾಕ್ಟರ ಬಳಿ ಹೋಗದೆ ಇಪ್ಪತ್ತು ವರ್ಷ ಮೀರಿತ್ತು. ಹೆದರಿಕೆ ನೋವಿನದಲ್ಲ. ಜೋಮು ಹಿಡಿಸುವ ಸೂಜಿ ನಾಲಿಗೆಯ ಮೇಲೆ ಏನು ಮಾಡಿಬಿಡುತ್ತದೋ ಎಂದು. ಸೋಮವಾರ ಕುರ್ಚಿಯಲ್ಲಿ ಒರಗಿದ ಕೂಡಲೇ ಅದನ್ನೇ ಹೇಳಿದ.

"ಸೂಜಿ ಬೇಕಾಗಲ್ಲ" ಎಂದಳು ಡಾಕ್ಟರ್. ಕನ್ನಡಿ ಹಿಡಿದು ಒಳಗೆ ನೋಡಿದಳು. "ಅಜ್ಜಿ, ನೀವು ಹೇಳಿದ್ದು ಸರಿ. ಕೆಳದವಡೆ, ಎಡಗಡೆ, ಒಳಭಾಗ. ಚಹಾದ ಬಣ್ಣಕ್ಕೆ ತಿರುಗಿದ ಕಲ್ಲು, ಪದರ ಪದರ. ಸರ್, ಇದನ್ನ ಕಟ್ಟೋಕೆ ಎಷ್ಟು ವರ್ಷ ತಗೊಂಡ್ರಿ?"

ಬಾಯಿ ತೆರೆದಿದ್ದ ಸೊರ್ರಣ್ಣ "ಆ" ಎಂದ.

ಆಕೆ ಅರ್ಧ ಕಲ್ಲು ಕೆರೆದು ತೆಗೆದು, ಉಳಿದದ್ದಕ್ಕೆ ಮುಂದಿನ ಸೋಮವಾರ ಬರಹೇಳಿದಳು. ವಸಡು ಗಟ್ಟಿಯಾಗಲು ಎರಡು ವಾರ ಬೇಕು, ಅಲ್ಲಿಯವರೆಗೆ ರಕ್ತ ಸ್ವಲ್ಪ ಬರಬಹುದು. ಎಣ್ಣೆಯ ಬಗ್ಗೆ ಕೇಳಿದ್ದಕ್ಕೆ, "ಇಷ್ಟ ಇದ್ರೆ ಮಾಡಿ, ಅಡ್ಡಿಯಿಲ್ಲ. ನುಂಗ್ಬೇಡಿ. ಆದ್ರೆ ಬ್ರಷ್ ಬದಲಿಗೆ ಅಲ್ಲ, ನನ್ನ ಬದಲಿಗೂ ಅಲ್ಲ" ಎಂದಳು. ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ಪೇಸ್ಟಿನ ಹೆಸರು ಬರೆದುಕೊಟ್ಟಳು. ಅಂಥದ್ದೊಂದು ಇದೆ ಎಂಬುದೇ ಸೊರ್ರಣ್ಣನಿಗೆ ಗೊತ್ತಿರಲಿಲ್ಲ.

ಎರಡು ವಾರ. ಪರೀಕ್ಷೆಗೆ ಇದ್ದದ್ದು ನಾಲ್ಕು ದಿನ.

"ಜ್ವರ ಅಂತ ರಜ ಹಾಕಿ" ಎಂದಳು ಹೆಂಡತಿ ಮನೆಗೆ ಬರುವಾಗ. "ಹದಿನೈದು ದಿನ ಬಿಟ್ಟು ಹೋಗಿ. ಬಾಯಿ ಶುದ್ಧ, ಪರೀಕ್ಷೆ ಪಾಸು. ಯಾರಿಗೂ ಗೊತ್ತಾಗಲ್ಲ."

ಉಪಾಯ ಕೆಟ್ಟದ್ದಾಗಿರಲಿಲ್ಲ. ಸೊರ್ರಣ್ಣ ಮಂಗಳವಾರವಿಡೀ ಅದನ್ನೇ ಬಾಯಲ್ಲಿ ತಿರುಗಿಸುತ್ತಿದ್ದ. ರಜೆಯ ಅರ್ಜಿಯನ್ನೂ ಬರೆದ. ಬುಧವಾರ ಮಧ್ಯಾಹ್ನ ಬೆಟ್ಟದಿಂದ ಮೇಸ್ತ್ರಿಯ ಫೋನು ಬಂತು.

"ಸೊರ್ರಣ್ಣ, ಫ್ಯಾನು ಮೂರನೇ ಸಲ ಬಿಚ್ಚಿದ್ವಿ. ರೆಕ್ಕೆ ಬದಲಾಯ್ಸಿದೀವಿ. ಎಲೆ ತೆಳ್ಳಗೆ ಹರಡ್ತಿದೀವಿ. ಇನ್ನೂ ಲೋಹ ಇದೆಯಾ? ಹೇಳಿಬಿಡಿ. ಹುಡುಗರು ನನ್ನ ಮುಖ ಕಂಡ್ರೆ ಸ್ಪ್ಯಾನರ್ ಮುಚ್ಚಿಡ್ತಾರೆ."

"ಶುಕ್ರವಾರ ಹೇಳ್ತೀನಿ" ಎಂದಷ್ಟೇ ಸೊರ್ರಣ್ಣನಿಂದ ಹೇಳಲಾಯಿತು. ಫೋನಿಟ್ಟ ಮೇಲೆ ರಜೆಯ ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಪೀಕದಾನಿಗೆ ಹಾಕಿದ.

ಶುಕ್ರವಾರ ಬೆಳಗಿನ ಸಾಲು ಮುಗಿದು ಹನ್ನೊಂದು ಗಂಟೆಗೆ ಮೇಜಿನ ಮೇಲೆ ಹನ್ನೆರಡು ಬಟ್ಟಲು ಬಂದವು. ತೂಗಿ, ಸೋಸಿ ಇಟ್ಟದ್ದು ಎರಡನೇ ಮೇಜಿನಾಕೆ. ಮ್ಯಾನೇಜರ್ ಕೈಯಲ್ಲಿ ಅಂಟಿಸಿದ ಲಕೋಟೆ ಹಿಡಿದು ನಿಂತಿದ್ದರು.

"ಇನ್ನೊಂದು ಬಟ್ಟಲು ಬೇಕು ಸರ್" ಎಂದ ಸೊರ್ರಣ್ಣ. "ಬರೀ ಬಿಸಿನೀರು."

ಕೊಟ್ಟರು. ಸೊರ್ರಣ್ಣ ಮೊದಲು ಅದನ್ನೇ ಎಳೆದ, ಉಗುಳಿದ. "ಬರ್ಕೊಳ್ಳಮ್ಮ. ಬಿಸಿನೀರು, ಲೋಹ."

"ನೀರಿಗಾ?" ಎಂದರು ಮ್ಯಾನೇಜರ್.

"ನೀರಿಗೇ ಸರ್. ನೀರು ಯಾವತ್ತೂ ಬಾಡಿಸೋ ಮನೆ ನೋಡಿಲ್ಲ. ಲೋಹ ಚಹಾದಲ್ಲಿಲ್ಲ, ನನ್ನ ಬಾಯಲ್ಲಿದೆ. ವಸಡಲ್ಲಿ ರಕ್ತ. ಹಲ್ಲಿನ ಡಾಕ್ಟರು ನೋಡ್ತಿದಾರೆ. ಇಪ್ಪತ್ತೊಂದು ಲಾಟನ್ನ ನಾನು ಸುಮ್ನೆ ಕೂರಿಸಿದೀನಿ ಅಂತ ಕಾಣುತ್ತೆ. ಮತ್ತೊಮ್ಮೆ ನೋಡಿಸಿ. ನಾನಲ್ಲ, ಆಕೆ ನೋಡ್ಲಿ."

ಮ್ಯಾನೇಜರ್ ಬಿಸಿನೀರಿನ ಬಟ್ಟಲನ್ನು ಒಮ್ಮೆ ಬಗ್ಗಿ ನೋಡಿದರು. ಆಮೇಲೆ, "ಹಾಗಾದ್ರೆ ಪರೀಕ್ಷೆ ಇಲ್ಲಿಗೇ ಮುಗೀತಲ್ಲ" ಎಂದು ಲಕೋಟೆಯನ್ನು ಜೇಬಿಗೆ ಇಳಿಸತೊಡಗಿದರು.

"ಸರ್, ಒಂದ್ನಿಮಿಷ." ಮಾತಾಡಿದ್ದು ಎರಡನೇ ಮೇಜಿನಾಕೆ. ಮೊದಲನೇ ಮೇಜು ಖಾಲಿಯಾದರೆ ಅದು ಆಕೆಗೇ ಬರುವುದಿತ್ತು. "ದಿನಾ ತಕ್ಕಡಿ ಮೇಲೆ ಖಾಲಿ ತಟ್ಟೆ ಇಟ್ಟು, ತಟ್ಟೆ ತೂಕ ಕಳೆದು ತಾನೇ ಚಹಾ ತೂಗೋದು? ನೀರಲ್ಲಿ ಎಷ್ಟು ಲೋಹ ಸಿಗುತ್ತೆ ಅಂತ ಇವರಿಗೆ ಈಗ ಗೊತ್ತು. ಅಷ್ಟನ್ನ ಕಳೆದು ಹೇಳ್ಲಿ. ತಟ್ಟೆ ಭಾರ ಇದ್ರೆ ತಕ್ಕಡಿ ಕೆಟ್ಟಿದೆ ಅಂತ ಅಲ್ವಲ್ಲ."

ಮ್ಯಾನೇಜರ್ ಜೇಬಿನಿಂದ ಲಕೋಟೆ ಹೊರತೆಗೆದರು. "ಮಾಡಿ."

ಸೊರ್ರಣ್ಣ ಮೂವತ್ತೆರಡು ವರ್ಷದಲ್ಲಿ ಇಷ್ಟು ನಿಧಾನವಾಗಿ ಯಾವ ಸಾಲನ್ನೂ ನೋಡಿರಲಿಲ್ಲ. ಒಂದು ಚಮಚ ನೀರು, ಒಂದು ಚಮಚ ಚಹಾ. ಮತ್ತೆ ನೀರು. ಕೆಲವು ಕಡೆ ಉಗುಳದೆ ಹಿಡಿದುಕೊಂಡ. ಐದು ಸೆಕೆಂಡು, ಹತ್ತು ಸೆಕೆಂಡು. ಎರಡನೇ ಮೇಜಿನಾಕೆ ಬರೆಯುವುದನ್ನು ಬಿಟ್ಟು ಆಶ್ಚರ್ಯದಿಂದ ನೋಡಿದಳು. ಕೊನೆಗೆ ಚಮಚ ಕೆಳಗಿಟ್ಟು ಹೇಳಿದ.

"ಮೂರು, ಒಂಬತ್ತು ಒಂದೇ ಲಾಟು. ಐದನೇದನ್ನ ಆರು ನಿಮಿಷ ಅಲ್ಲ, ಎಂಟು ನಿಮಿಷ ಬಿಟ್ಟಿದೀರಿ. ಹನ್ನೊಂದು ಹಳೇದು, ಹೋದ ವರ್ಷದ್ದಿರ್ಬೇಕು. ನಾಲ್ಕರಲ್ಲಿ ಸ್ವಲ್ಪ ಹೊಗೆ. ಏಳರಲ್ಲಿ..." ಏಳನೇ ಬಟ್ಟಲಿಗೆ ವಾಪಸು ಹೋಗಿ ಮತ್ತೊಂದು ಚಮಚ ಎಳೆದ. "ಏಳರಲ್ಲಿ ನಿಜವಾದ ಲೋಹ ಇದೆ. ಇದು ನಂದಲ್ಲ. ಇದು ಬಾಡಿಲ್ಲ. ಉಳಿದವೆಲ್ಲ ಸರಿಯಾಗಿವೆ."

ಲಕೋಟೆ ಒಡೆಯಿತು. ಮ್ಯಾನೇಜರ್ ಬೆರಳಿಟ್ಟು ಓದಿದರು. ಮೂರು ಮತ್ತು ಒಂಬತ್ತು ಒಂದೇ. ಐದು ಎಂಟು ನಿಮಿಷ. ಹನ್ನೊಂದು ಹೋದ ವರ್ಷದ ಮಾದರಿ. ಏಳು, ಪರೀಕ್ಷೆಗೆಂದೇ ಅರ್ಧ ಬಾಡಿಸಿ ತರಿಸಿದ ಎಲೆ.

"ನಾಲ್ಕರಲ್ಲಿ ಹೊಗೆ ಇಲ್ಲ. ಅದು ತಪ್ಪು" ಎಂದರು.

ಸೊರ್ರಣ್ಣ ನಾಲ್ಕನೆಯದನ್ನು ಮತ್ತೊಮ್ಮೆ ನೋಡಿದ. "ಹೌದು ಸರ್, ತಪ್ಪು."

ಮ್ಯಾನೇಜರ್ ಕಾಗದವನ್ನು ಮಡಿಸಿದರು. "ಡಾಕ್ಟರು ಆಯ್ತು ಅನ್ನೋವರೆಗೂ ರಿಜಿಸ್ಟರಿನಲ್ಲಿ ಆಕೆ ಮಾತೇ ಮಾತು. ಆಮೇಲೆ ನಿಮ್ಮ ಮೇಜು ನಿಮಗೆ. ಇನ್ಮೇಲೆ ಪ್ರತಿ ಸಾಲಿನ ಕೊನೇಲಿ ಒಂದು ಬಟ್ಟಲು ಬಿಸಿನೀರು ಇಡ್ಬೇಕು, ಇಬ್ಬರಿಗೂ. ಮತ್ತೆ, ಬೆಟ್ಟಕ್ಕೆ ಈ ವಿಷಯ ನಾನು ಹೇಳಲ್ಲ. ನೀವೇ ಹೇಳ್ಬೇಕು."

"ಆ ಕುರ್ಚಿ ಸರ್?"

"ಯಾವ ಕುರ್ಚಿ?" ಎಂದು ಮ್ಯಾನೇಜರ್ ಮೆಟ್ಟಿಲಿಳಿದರು.

ಸೊರ್ರಣ್ಣ ಎರಡನೇ ಮೇಜಿನಾಕೆಯ ಕಡೆ ತಿರುಗಿ, "ಯಾಕಮ್ಮ ಬಾಯಿ ಬಿಟ್ಟೆ? ಸುಮ್ನಿದ್ದಿದ್ರೆ ಕಿಟಕಿ ಪಕ್ಕದ ಮೇಜು ನಿಂದಾಗ್ತಿತ್ತು" ಎಂದ.

"ಎರಡು ವರ್ಷ ತಾನೇ ಸರ್? ಕಾಯ್ತೀನಿ" ಎಂದಳು ಆಕೆ. "ಮತ್ತೆ, ಹತ್ತು ಸೆಕೆಂಡು ಬಾಯಲ್ಲಿ ಹಿಡ್ಕೊಂಡ್ರಲ್ಲ, ಅದನ್ನ ಎಲ್ಲಿ ಕಲಿತ್ರಿ?"

"ಅತ್ತೆ ಹತ್ರ."

ಗೋದಾಮಿನ ಇಪ್ಪತ್ತೊಂದು ಲಾಟುಗಳನ್ನು ಆಕೆ ಸೋಮವಾರ, ಮಂಗಳವಾರ ಎರಡೂ ದಿನ ನೋಡಿದಳು. ಹತ್ತೊಂಬತ್ತರಲ್ಲಿ ಏನೂ ದೋಷವಿರಲಿಲ್ಲ. ಎರಡರಲ್ಲಿ ಎಲೆ ನಿಜವಾಗಿಯೇ ಸರಿಯಾಗಿ ಬಾಡಿರಲಿಲ್ಲ. ಕೊನೆಯಲ್ಲಿ ಬಂದ ಮೂರು ಲಾಟುಗಳ ಮುಂದೆ ಆಕೆ ಬರೆದ ಮಾತನ್ನು ಸೊರ್ರಣ್ಣ ಎರಡೆರಡು ಸಲ ಓದಿದ: ಈ ವರ್ಷದಲ್ಲೇ ಉತ್ತಮ.

ಬೆಟ್ಟಕ್ಕೆ ಫೋನು ಮಾಡಲು ಅವನಿಗೆ ಸ್ವಲ್ಪ ಧೈರ್ಯ ಬೇಕಾಯಿತು. ಹೇಳಬೇಕಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಆ ಕಡೆ ಫ್ಯಾನಿನ ಸದ್ದಿನ ನಡುವೆ ಸ್ಪ್ಯಾನರ್ ಕೆಳಗಿಟ್ಟದ್ದು ಕೇಳಿಸಿತು.

"ಅಂದ್ರೆ" ಎಂದ ಮೇಸ್ತ್ರಿ, "ನಿಮ್ಮ ಬಾಯಲ್ಲಿ ರಕ್ತ ಬಂದಿದ್ದಕ್ಕೆ ನಾನು ಐದು ವಾರ ಇಲ್ಲಿ ಫ್ಯಾನ್ ಬಿಚ್ಚಿದೆ."

"ಹೌದು."

"ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಅಂತಾರಲ್ಲ, ಆ ಗಾದೆ ನನ್ನ ನೋಡಿಯೇ ಮಾಡಿರ್ಬೇಕು!"

"ತಪ್ಪಾಯ್ತು ಮೇಸ್ತ್ರಿ. ಆದ್ರೆ ಇನ್ನೊಂದು ವಿಷಯ ಇದೆ. ನೀವು ರೆಕ್ಕೆ ಬದಲಾಯ್ಸಿದ ಮೇಲೆ ಬಂದ ಮೂರು ಲಾಟು ಈ ವರ್ಷಕ್ಕೇ ಮೇಲು ಅಂತ ಆಕೆ ಬರೆದಿದಾಳೆ."

ಫ್ಯಾನಿನ ಸದ್ದನ್ನೂ ಮೀರಿ ಮೇಸ್ತ್ರಿಯ ನಗು ಶುರುವಾಯಿತು. ನಿಲ್ಲಲು ಹೊತ್ತು ಹಿಡಿಯಿತು. "ಹಾಗಾದ್ರೆ ನಿಮ್ಮ ವಸಡಿಗೆ ನನ್ನದೊಂದು ನಮಸ್ಕಾರ ಹೇಳಿ. ಆದ್ರೆ ಒಂದು ಸೊರ್ರಣ್ಣ, ಇದು ಫೋನಲ್ಲಿ ಮುಗಿಯಲ್ಲ. ಬರೆದು ಕಳ್ಸಿ. ಬೋರ್ಡಿಗೆ ಹಾಕ್ತೀನಿ. ಹುಡುಗರು ಓದ್ಬೇಕು."

ಮನೆಯಲ್ಲಿ ಮೂರು ಕರಡು ಹರಿದವು. ಮೊದಲನೆಯದನ್ನು ಓದಿ ಹೆಂಡತಿ, "ಇದರಲ್ಲಿ ತಪ್ಪು ಯಾರದ್ದು ಅಂತಾನೇ ಗೊತ್ತಾಗಲ್ಲ" ಎಂದಳು. ಎರಡನೆಯದನ್ನು ಓದಿ ಅತ್ತೆ, "ಇಷ್ಟು ಅಳಬೇಡಿ, ಯಾರೂ ಸತ್ತಿಲ್ಲ" ಎಂದರು. ಮೂರನೆಯದರಲ್ಲಿ ಎಳ್ಳೆಣ್ಣೆಯ ಪ್ರಶಂಸೆ ಅರ್ಧ ಪುಟ ಇತ್ತು. ಅದನ್ನು ಸೊರ್ರಣ್ಣ ತಾನೇ ಹರಿದ. ನಾಲ್ಕನೆಯದು ಬುಧವಾರದ ಲಾರಿಯಲ್ಲಿ ಬೆಟ್ಟಕ್ಕೆ ಹೋಯಿತು.

"ತಿದ್ದುಪಡಿ. ಕಳೆದ ಐದು ವಾರಗಳಲ್ಲಿ ಇಪ್ಪತ್ತೊಂದು ಲಾಟುಗಳಿಗೆ ಲೋಹದ ರುಚಿ ಇದೆಯೆಂದು ನಾನು ಬರೆದಿದ್ದೆ. ಮರುಪರೀಕ್ಷೆಯಲ್ಲಿ ಹತ್ತೊಂಬತ್ತು ಲಾಟುಗಳಿಗೆ ಆ ದೋಷ ಇಲ್ಲವೆಂದು ತಿಳಿದುಬಂದಿದೆ. ದೋಷ ಇದ್ದದ್ದು ನನ್ನ ಕೆಳದವಡೆಯ ಎಡಭಾಗದಲ್ಲಿ. ಬಾಡಿಸುವ ಮನೆಯ ಎಲ್ಲರ ಕ್ಷಮೆ ಕೇಳುತ್ತೇನೆ. ಚಿಕಿತ್ಸೆ ನಡೆಯುತ್ತಿದೆ. ಮೊದಲನೇ ಮೇಜಿನ ರುಚಿಗಾರ."

ಮುಂದಿನ ವಾರ ಲಾರಿಯ ಚಾಲಕ ಆ ಬೋರ್ಡಿನ ಫೋಟೋ ತೆಗೆದು ತಂದ. ಕಾಗದದ ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ ಮೇಸ್ತ್ರಿ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದ್ದ: "ಉಳಿದೆರಡು ನಮ್ಮದೇ."